ಕೊಕ್ಕಿನ ಹೆಲ್ಮೆಟ್ಟಿನ ಸೈನಿಕರು: ಮಾರ್ಕ್ 6 ಟ್ಯಾಕ್ಟಿಕಲ್ ಸ್ಕ್ವಾಡ್ ಪೆಟ್ಟಿಗೆಯ ವಿಮರ್ಶೆ

ಪೆಟ್ಟಿಗೆಯಲ್ಲಿ ಮೇಜಿನ ಮೇಲೆ ಆಡುವ ಯುದ್ಧದಾಟದ 20 ಪುಟ್ಟ ಪ್ಲಾಸ್ಟಿಕ್ ಸೈನಿಕರು, ಜೋಡಿಸಿ ಬಣ್ಣ ಹಚ್ಚಿಕೊಳ್ಳಬೇಕಾದವರು. ಸಾರ್ಜೆಂಟನಿಗೆ ಕೊಡಬಹುದಾದ ಒಂದಿಷ್ಟು ಆಯುಧಗಳನ್ನು ಬಿಟ್ಟರೆ ಎಲ್ಲರ ಕೈಯಲ್ಲೂ ಅದೇ ಬೋಲ್ಟರ್ ಬಂದೂಕು, ಎಲ್ಲರ ತಲೆಗೂ ಕಾಗೆಯ ಕೊಕ್ಕಿನ ಹಾಗೆ ಮುಂದಕ್ಕೆ ಚೂಪಾದ ಅದೇ ಹೆಲ್ಮೆಟ್. ಎದೆಯ ಮೇಲೆ ಹದ್ದಿನ ಲಾಂಛನವಿಲ್ಲ, ಸೊಂಟದಲ್ಲಿ ಬಟ್ಟೆಯ ಜಾಲರಿಯಿಲ್ಲ. ಹೊಸದಾಗಿ ಈ ಹವ್ಯಾಸಕ್ಕೆ ಬಂದವರು ಮುಚ್ಚಳ ತೆಗೆದು ನೋಡಿದರೆ ಇಷ್ಟೇನಾ ಅಂದುಕೊಳ್ಳಬಹುದು. ಆದರೂ ಗೇಮ್ಸ್ ವರ್ಕ್‌ಶಾಪ್ 2022ರಲ್ಲಿ ಹೋರಸ್ ಹೆರೆಸಿ ಆಟಕ್ಕೆಂದು ತಂದ ಈ ಮಾರ್ಕ್ 6 (ಕಥೆಯ ಕವಚಗಳಲ್ಲಿ ಆರನೆಯ ಮಾದರಿ) ಕಿಟ್ಟು, ಇದುವರೆಗಿನ ಸ್ಪೇಸ್ ಮರೀನ್ (ಕವಚ ತೊಟ್ಟ ಬಾಹ್ಯಾಕಾಶ ಯೋಧ) ಮಿನಿಯೇಚರ್‌ಗಳಲ್ಲೆಲ್ಲ ವಿನ್ಯಾಸದ ದೃಷ್ಟಿಯಿಂದ ಅತ್ಯುತ್ತಮವಾದದ್ದು ಎಂದು ನನ್ನ ಖಚಿತ ಅಭಿಪ್ರಾಯ. ಕಿಟ್ಟಿನಲ್ಲಿ ತೊಡಕುಗಳೂ ಇವೆ. ಅವು ಯಾವ ಹಂತದಲ್ಲಿ ಎದುರಾಗುತ್ತವೆ ಎಂದು ಮೊದಲೇ ತಿಳಿದಿದ್ದರೆ ತಪ್ಪಿಸಿಕೊಳ್ಳಬಹುದಾದಂಥವು.

ಈ ಕೊಕ್ಕು ಹೊಸದಲ್ಲ. ಇದೇ ಕಂಪನಿಯ ವಾರ್‌ಹ್ಯಾಮರ್ 40,000 ಆಟ ಹುಟ್ಟಿದ 1987ರ ಹೊತ್ತಿಗೆ ಬಂದ, ಸಂಗ್ರಾಹಕರು ಇವತ್ತಿಗೂ ಆರ್‌ಟಿಬಿ01 ಎಂಬ ಸಂಖ್ಯೆಯಿಂದಲೇ ಕರೆಯುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ 30 ಮರೀನರಿದ್ದರು. ಅವರ ಹೆಲ್ಮೆಟ್ಟೂ ಇದೇ. 'ಬೀಕಿ' ಎಂಬ ಅಡ್ಡಹೆಸರು ಅಂದಿನಿಂದ ಬಂದದ್ದು. ಆಮೇಲೆ 1993ರ ಎರಡನೇ ಆವೃತ್ತಿಯ ಪೆಟ್ಟಿಗೆಯಲ್ಲಿ ಬಂದ 20 ಮರೀನರು ಭಂಗಿ ಬದಲಿಸಲಾಗದ ಸರಳ ಮಾದರಿಗಳು. 1998ರ ಮೂರನೇ ಆವೃತ್ತಿಯ ಕಾಲದಲ್ಲಿ ಕೈ, ಕಾಲು, ತಲೆ ಬೇರೆಬೇರೆಯಾಗಿ ಜೋಡಿಸುವ ಟ್ಯಾಕ್ಟಿಕಲ್ ಸ್ಕ್ವಾಡ್ ಬಂತು. 2013ರಲ್ಲಿ ಅದನ್ನೇ ತಿದ್ದಿ ತೀಡಿದರು. 2017ರಲ್ಲಿ ಪ್ರೈಮಾರಿಸ್ ಎಂಬ ಎತ್ತರದ ಮರೀನರು ಬಂದು ಅಳತೆಯನ್ನೇ ಬದಲಿಸಿದರು. ಇಷ್ಟೂ ವರ್ಷ ಕೊಕ್ಕಿನ ಹೆಲ್ಮೆಟ್ಟು ಅಲ್ಲೊಂದು ಇಲ್ಲೊಂದು ಬಿಡಿ ತಲೆಯಾಗಿ ಸ್ಪ್ರೂಗಳಲ್ಲಿ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಉಳಿದುಕೊಂಡಿತ್ತು. 2022ರಲ್ಲಿ ಮತ್ತೆ ಇಡೀ ಪಡೆಗೆ ಸಮವಸ್ತ್ರವಾಗಿ ಮರಳಿತು. ಏಜ್ ಆಫ್ ಡಾರ್ಕ್‌ನೆಸ್ ಎಂಬ ದೊಡ್ಡ ಪೆಟ್ಟಿಗೆಯ 54 ಮಿನಿಯೇಚರ್‌ಗಳಲ್ಲಿ 40 ಈ ಮಾರ್ಕ್ 6 ಮರೀನರೇ. ಬಿಡಿಯಾಗಿ ಸಿಗುವ 20ರ ಪೆಟ್ಟಿಗೆಯಲ್ಲೂ ಅದೇ ಸ್ಪ್ರೂಗಳು.

ವಿನ್ಯಾಸ ಯಾಕೆ ಗೆಲ್ಲುತ್ತದೆ ಎಂದು ಹೇಳಲು ಮೊದಲು 'ಹೀರೋಯಿಕ್ ಸ್ಕೇಲ್' ಎಂಬ ಮಾತನ್ನು ಬಿಡಿಸಬೇಕು. ಮನುಷ್ಯನ ನಿಜವಾದ ಅಳತೆಯನ್ನು ಹಾಗೇ ಕುಗ್ಗಿಸಿ 28 ಮಿ.ಮೀ.ಗೆ ಇಳಿಸಿದರೆ ಬಂದೂಕಿನ ನಳಿಕೆ ಸೂಜಿಯಷ್ಟಾಗುತ್ತದೆ, ಮುಖ ಸಾಸಿವೆ ಕಾಳಿನಷ್ಟು ಕಾಣುತ್ತದೆ. ಎರಡು ಮೂರು ಅಡಿ ದೂರದಿಂದ ಮೇಜಿನ ಮೇಲೆ ಬಗ್ಗಿ ನೋಡುವವನಿಗೆ ಯಾವುದೂ ತಿಳಿಯುವುದಿಲ್ಲ. ಹಾಗಾಗಿ ತಲೆ, ಅಂಗೈ, ಆಯುಧ, ಭುಜ ಇವನ್ನು ಬೇಕೆಂದೇ ದಪ್ಪ ಮಾಡುತ್ತಾರೆ. ಯಕ್ಷಗಾನ ನೋಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಭುಜಕೀರ್ತಿ, ಎದೆಕಟ್ಟು, ಕಿರೀಟ ಇವೆಲ್ಲ ಮನುಷ್ಯನ ಮೈಗಿಂತ ದೊಡ್ಡದಾಗಿರುವುದು ದೊಂದಿಯ ಬೆಳಕಿನಲ್ಲಿ ಬಯಲಿನ ತುದಿಯಲ್ಲಿ ಕೂತವನಿಗೂ ಬಂದದ್ದು ಯಾವ ವೇಷವೆಂದು ಗೊತ್ತಾಗಲಿ ಎಂದೇ. ಸ್ಪೇಸ್ ಮರೀನನ ಗುಂಡನೆಯ ಶೋಲ್ಡರ್ ಪ್ಯಾಡ್ ಮಾಡುವುದೂ ಅದೇ ಕೆಲಸ. ಅದೊಂದು ಭುಜಕೀರ್ತಿ. ಅದರ ಅಳತೆ ತಪ್ಪಿದರೆ ವೇಷವೇ ಕೆಡುತ್ತದೆ.

ಹಳೆಯ ಮರೀನರಲ್ಲಿ ತಪ್ಪಿದ್ದು ಅದೇ. 1998ರ ಕಿಟ್ಟಿನ ಕಾಲುಗಳು ಅಗಲಕ್ಕೆ ಚಾಚಿ, ಮಂಡಿ ಮಡಿಸಿ, ಅರ್ಧ ಕುಕ್ಕರುಗಾಲಿನಲ್ಲಿ ನಿಂತಂತಿದ್ದವು. ಸೊಂಟವೇ ಇರಲಿಲ್ಲ, ತಲೆ ಎರಡು ಪ್ಯಾಡುಗಳ ನಡುವೆ ಹುದುಗಿಹೋಗುತ್ತಿತ್ತು. ಪ್ರೈಮಾರಿಸ್ ಅದನ್ನು ಸರಿಪಡಿಸಿತು: ತೊಡೆ ಉದ್ದವಾಯಿತು, ಹೊಟ್ಟೆಯ ಭಾಗ ಕಂಡಿತು, ಕತ್ತು ಮೇಲೆ ಬಂತು. ಅದರ ವಿನ್ಯಾಸಕ ಜೆಸ್ ಗುಡ್‌ವಿನ್ ಅವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಆಮೇಲಿನ ಪ್ರೈಮಾರಿಸ್ ಪೆಟ್ಟಿಗೆಗಳಲ್ಲಿ ವಿವರಗಳ ಹೊರೆ ಏರುತ್ತಾ ಹೋಯಿತು. ಚೀಲ, ಮುದ್ರೆ, ತೂಗಾಡುವ ಪಟ್ಟಿ, ಹೆಚ್ಚುವರಿ ಕವಚದ ಪದರ. ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದರೆ ಸೊಗಸು. ಹತ್ತು ಸೈನಿಕರನ್ನು ಸಾಲಾಗಿ ನಿಲ್ಲಿಸಿದಾಗ ಮಾತ್ರ ಕಣ್ಣು ಎಲ್ಲಿ ನಿಲ್ಲಬೇಕೋ ತಿಳಿಯುವುದಿಲ್ಲ.

ಮಾರ್ಕ್ 6 ಪ್ರೈಮಾರಿಸ್‌ನಿಂದ ಮೈಯಳತೆಯ ಪಾಠ ಕಲಿತು, 1987ರಿಂದ ಸರಳತೆಯನ್ನು ಉಳಿಸಿಕೊಂಡಿದೆ. ಎತ್ತರ ಪ್ರೈಮಾರಿಸ್‌ಗಿಂತ ತುಸು ಕಡಿಮೆ, ಹಳೆಯ ಮರೀನರಿಗಿಂತ ಸ್ಪಷ್ಟವಾಗಿ ಹೆಚ್ಚು. ಕವಚ ಅಲ್ಲಲ್ಲಿ ಉಬ್ಬಿ ನುಣುಪಾಗಿದೆ. ಮೊಣಕೈ ಮತ್ತು ಮಂಡಿಯ ಹಿಂದೆ ಮಾತ್ರ ಗೆರೆಗೆರೆಯ ಒಳಪದರ ಕಾಣುತ್ತದೆ. ಖಾಲಿ ಜಾಗ ಮತ್ತು ತುಂಬಿದ ಜಾಗದ ಈ ಹಂಚಿಕೆಯೇ ಇದರ ಜೀವಾಳ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಯವರಿಗೆ ಗೊತ್ತು, ಮೇಲಿನ ಮೆಟ್ಟಿಲಿಗೆ ಏರುವ ಗೊಂಬೆಗೆ ಮೈತುಂಬ ಕುಸುರಿಗಿಂತ ದೂರದಿಂದಲೇ ಗುರುತು ಸಿಗುವ ಆಕಾರ ಮುಖ್ಯ. ಕೊಕ್ಕಿನ ಹೆಲ್ಮೆಟ್ಟಿಗೆ ಇನ್ನೊಂದು ಅನುಕೂಲವಿದೆ. ಅದು ಯಾವ ಕಡೆಗೆ ನೋಡುತ್ತಿದೆ ಎಂಬುದು ಮೇಲಿನಿಂದಲೂ ತಿಳಿಯುತ್ತದೆ. ಚಪ್ಪಟೆ ಮುಖದ ಹೆಲ್ಮೆಟ್ಟಿನಲ್ಲಿ ಇದು ಸಾಧ್ಯವಿಲ್ಲ. ತಲೆಯನ್ನು ಒಂದಿಷ್ಟು ಎಡಕ್ಕೆ ತಿರುಗಿಸಿ ಅಂಟಿಸಿದರೂ ಸೈನಿಕ ಏನನ್ನೋ ಗಮನಿಸುತ್ತಿದ್ದಾನೆ ಅನ್ನಿಸುತ್ತದೆ.

ಈಗ ಜೋಡಣೆ. ಇಲ್ಲಿ ಎಚ್ಚರ ಬೇಕು.

ನುಣುಪು ಕವಚ ಎಂದರೆ ತಪ್ಪು ಮುಚ್ಚಿಡಲು ಜಾಗವಿಲ್ಲ. ಉಕ್ಕಿನ ಅಚ್ಚಿನ ಎರಡು ಭಾಗಗಳು ಸೇರುವಲ್ಲಿ ಪ್ಲಾಸ್ಟಿಕ್ ತೆಳುವಾಗಿ ಉಕ್ಕಿ ಮೋಲ್ಡ್ ಲೈನ್ ಆಗುತ್ತದೆ. ಈ ಕಿಟ್ಟಿನಲ್ಲಿ ಅದನ್ನು ಮುಖ್ಯವಾಗಿ ನೋಡಬೇಕಾದ್ದು ಮೂರು ಕಡೆ: ಮೊಣಕಾಲಿನ ಕೆಳಗಿನ ಕವಚದ ಎರಡೂ ಬದಿ, ಹೆಲ್ಮೆಟ್ಟಿನ ನೆತ್ತಿ, ಮತ್ತು ಬ್ಯಾಕ್‌ಪ್ಯಾಕಿನ ಎರಡು ಗುಂಡನೆಯ ತುದಿಗಳು. ಕತ್ತಿಯ ಹರಿತದ ಕಡೆಯಿಂದ ಕೆರೆದರೆ ಚಪ್ಪಟೆ ಪಟ್ಟಿಗಳು ಬೀಳುತ್ತವೆ, ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತವೆ. ಅಲಗಿನ ಬೆನ್ನಿನಿಂದ, ಉಬ್ಬಿನ ಉದ್ದಕ್ಕೂ ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಬೇಕು. ಕೊನೆಗೆ 800ರ ಮತ್ತು ಅದಕ್ಕಿಂತ ನಯವಾದ ಉಜ್ಜುಕಾಗದದ ಸಣ್ಣ ತುಂಡಿನಿಂದ ನಾಲ್ಕು ಬಾರಿ ಉಜ್ಜಿದರೆ ಸಾಕು.

ಸ್ಪ್ರೂನಿಂದ ಭಾಗ ಬಿಡಿಸುವಾಗ ಎರಡು ಸಲ ಕತ್ತರಿಸಿ. ಮೊದಲು ಭಾಗದಿಂದ 2-3 ಮಿ.ಮೀ. ದೂರದಲ್ಲಿ, ಆಮೇಲೆ ಉಳಿದ ಗುಪ್ಪೆಯನ್ನು ಕಟರಿನ ಚಪ್ಪಟೆ ಮುಖ ಭಾಗದ ಕಡೆಗೆ ಬರುವ ಹಾಗೆ ಹಿಡಿದು. ಒಂದೇ ಏಟಿಗೆ ಅಂಚಿನಲ್ಲೇ ಕತ್ತರಿಸಿದರೆ ಪ್ಲಾಸ್ಟಿಕ್ ಒತ್ತಡಕ್ಕೆ ಬೆಳ್ಳಗಾಗಿ ಹರಿಯುತ್ತದೆ. ಶೋಲ್ಡರ್ ಪ್ಯಾಡಿನ ಅಂಚುಪಟ್ಟಿಯಲ್ಲಿ ಹೀಗಾದರೆ ಕುಳಿ ಬೀಳುತ್ತದೆ, ತುಂಬುವುದು ಕಷ್ಟ.

ಅತಿ ದೊಡ್ಡ ತೊಡಕು ಕೈಗಳದ್ದು. ಹಳೆಯ ಕಿಟ್ಟುಗಳಲ್ಲಿ ಯಾವ ಕೈಯನ್ನು ಯಾವ ಮೈಗಾದರೂ ಅಂಟಿಸಬಹುದಿತ್ತು. ಇಲ್ಲಿ ಬೋಲ್ಟರ್ ಹಿಡಿದ ಬಲಗೈಗೆ ಅದರದೇ ಜೋಡಿ ಎಡಗೈ ಇದೆ. ಸಂಖ್ಯೆ ನೋಡದೆ ಎಲ್ಲವನ್ನೂ ಕತ್ತರಿಸಿ ಒಂದು ಡಬ್ಬಿಗೆ ಸುರಿದುಕೊಂಡರೆ ಆಮೇಲೆ ಯಾವುದು ಯಾವುದಕ್ಕೆ ಎಂದು ಹುಡುಕುತ್ತಾ ಸಂಜೆಯೇ ಕಳೆಯುತ್ತದೆ. ಒಬ್ಬ ಸೈನಿಕನ ಭಾಗಗಳನ್ನು ಕತ್ತರಿಸಿ, ಜೋಡಿಸಿ, ಆಮೇಲೆ ಮುಂದಿನವನಿಗೆ ಹೋಗಿ. ಇನ್ನೊಂದು ತಪ್ಪು, ಬಲಗೈಯನ್ನು ಮೊದಲು ಅಂಟಿಸಿ ಪೂರ್ತಿ ಒಣಗಲು ಬಿಡುವುದು. ಅದು ಕೂದಲೆಳೆಯಷ್ಟು ಓರೆಯಾಗಿದ್ದರೂ ಎಡಗೈ ಬಂದೂಕನ್ನು ಮುಟ್ಟುವುದಿಲ್ಲ. ಎರಡೂ ಕೈಗಳನ್ನು ಅಂಟು ಇನ್ನೂ ಹಸಿಯಾಗಿರುವಾಗಲೇ ಕೂರಿಸಬೇಕು.

ಬಣ್ಣ ಹಚ್ಚುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಬೋಲ್ಟರ್ ಎದೆಗೆ ಅಡ್ಡ ಬರುವುದರಿಂದ ಹಿಂದಿನ ಎದೆಕವಚಕ್ಕೆ ಬ್ರಷ್ ತಲುಪುವುದಿಲ್ಲ. ಆದ್ದರಿಂದ ಕೈ ಮತ್ತು ಬಂದೂಕು ಸೇರುವ ಕಡೆ ಮಾತ್ರ ಅಂಟು ಹಾಕಿ, ಭುಜ ಮೈಗೆ ಸೇರುವ ಕಡೆ ಹಾಕದೆ, ಎಲ್ಲವನ್ನೂ ಮೈಗೆ ಒತ್ತಿ ಹಿಡಿದು ಸರಿಯಾದ ಕೋನದಲ್ಲಿ ನಿಲ್ಲಿಸಿ. ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಎಳೆದರೆ ಎರಡು ಕೈ ಮತ್ತು ಬಂದೂಕು ಒಂದೇ ತುಂಡಾಗಿ ಕಳಚಿ ಬರುತ್ತವೆ. ಮೈ ಒಂದು ಕಡೆ, ಕೈಗಳು ಒಂದು ಕಡೆ, ಬ್ಯಾಕ್‌ಪ್ಯಾಕ್ ಒಂದು ಕಡೆ ಬಣ್ಣ ಮಾಡಿ ಕೊನೆಗೆ ಸೇರಿಸಬಹುದು. ಸೇರಿಸುವ ಮುನ್ನ ಭುಜದ ಕೀಲಿನ ಮೇಲೆ ಬಿದ್ದ ಬಣ್ಣವನ್ನು ಕೆರೆದು ಪ್ಲಾಸ್ಟಿಕ್ ಕಾಣುವಂತೆ ಮಾಡಿ. ಪ್ಲಾಸ್ಟಿಕ್ ಸಿಮೆಂಟು ಹಿಡಿಯುವುದು ಪ್ಲಾಸ್ಟಿಕ್ಕನ್ನೇ ಹೊರತು ಬಣ್ಣವನ್ನಲ್ಲ.

ಅಂಟಿನ ಮಾತು ಬಂದದ್ದಕ್ಕೆ: ಫೆವಿಕ್ವಿಕ್ ಕೈಗೆ ಸಿಗುತ್ತದೆಂದು ಇದಕ್ಕೆ ಬಳಸಬೇಡಿ. ಅದು ಮೇಲ್ಮೈಗಳ ನಡುವೆ ಗಾಜಿನಂಥ ಪದರವಾಗಿ ಗಟ್ಟಿಯಾಗುತ್ತದೆ, ಮೇಜಿನಿಂದ ಬಿದ್ದ ಮೊದಲ ಸಲವೇ ಕೈ ಕಳಚುತ್ತದೆ. ಜೊತೆಗೆ ಅದರ ಆವಿ ಸುತ್ತಲಿನ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪುಡಿಯಂತೆ ಕೂರುತ್ತದೆ. ತಮಿಯಾ ಎಕ್ಸ್‌ಟ್ರಾ ಥಿನ್‌ನಂಥ ಸಿಮೆಂಟು ಪಾಲಿಸ್ಟೈರೀನನ್ನು ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಭಾಗಗಳನ್ನು ಮೊದಲು ಹೊಂದಿಸಿ ಹಿಡಿದು, ಬಿರುಕಿನ ಅಂಚಿಗೆ ಬ್ರಷ್ ತಾಗಿಸಿದರೆ ದ್ರವ ತಾನಾಗಿ ಒಳಗೆ ಹರಿಯುತ್ತದೆ. ತುಸು ಒತ್ತಿದಾಗ ಕರಗಿದ ಪ್ಲಾಸ್ಟಿಕ್ ತೆಳು ಎಳೆಯಾಗಿ ಹೊರಗೆ ಉಬ್ಬಿದರೆ ಕೀಲು ಸರಿಯಾಗಿ ಕೂಡಿದೆ ಎಂದರ್ಥ. ಮರುದಿನ ಆ ಎಳೆಯನ್ನು ಕೆರೆದರೆ ಸಂದು ಕಾಣದಾಗುತ್ತದೆ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ. ಕ್ವಿಕ್ ಅಂಟು ಬೇಕಾಗುವುದು ಅಯಸ್ಕಾಂತ ಕೂರಿಸಲು ಮತ್ತು ರೆಸಿನ್ ಭಾಗಗಳಿಗೆ.

ಬೋಲ್ಟರಿನ ಬಾಯಿಯನ್ನು 1 ಮಿ.ಮೀ. ಡ್ರಿಲ್ ಬಿಟ್‌ನಿಂದ, ಕೈಯಲ್ಲಿ ತಿರುಗಿಸುವ ಡ್ರಿಲ್ಲಿನಲ್ಲಿ ಕೊರೆಯಬೇಕು. ನಡುವನ್ನು ಕತ್ತಿಯ ತುದಿಯಿಂದ ಚುಚ್ಚಿ ಗುರುತು ಮಾಡದೆ ಕೊರೆದರೆ ಡ್ರಿಲ್ ಬಿಟ್ ಜಾರಿ ತೂತು ಅಂಚಿಗೆ ಹೋಗುತ್ತದೆ. 20 ಬಂದೂಕು ಕೊರೆಯುವುದು ಬೇಸರದ ಕೆಲಸ ನಿಜ, ಆದರೆ ಮುಚ್ಚಿದ ಬಾಯಿಯ ಬಂದೂಕು ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದರೂ ಆಟಿಕೆಯಂತೆಯೇ ಕಾಣುತ್ತದೆ.

ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಪ್ರೈಮರ್ ವಿಷಯದಲ್ಲಿ ನಮ್ಮ ಊರುಗಳ ಕಷ್ಟ ಬೇರೆಯದೇ. ಸ್ಪ್ರೇ ಡಬ್ಬಿಗಳು ಒತ್ತಡದಲ್ಲಿ ತುಂಬಿದ, ಬೆಂಕಿ ಹತ್ತುವ ವಸ್ತುಗಳಾದ್ದರಿಂದ ವಿಮಾನದ ಪಾರ್ಸೆಲ್ಲಿನಲ್ಲಿ ಬರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಬಳಸುವುದಾದರೆ ಮೊದಲು ಖಾಲಿ ಸ್ಪ್ರೂ ಮೇಲೆ ಹೊಡೆದು ನೋಡಿ. ಕೆಲವದರ ದ್ರಾವಕ ಪಾಲಿಸ್ಟೈರೀನನ್ನು ತಿಂದು ಮೇಲ್ಮೈಯನ್ನು ಒರಟು ಮಾಡುತ್ತದೆ, ಇನ್ನು ಕೆಲವು ದಪ್ಪವಾಗಿ ಕೂತು ಮೊಣಕೈಯ ಗೆರೆಗಳನ್ನೇ ಮುಚ್ಚಿಬಿಡುತ್ತವೆ. ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಜೂನಿನಿಂದ ಸೆಪ್ಟೆಂಬರವರೆಗೆ ಸ್ಪ್ರೇ ಮುಟ್ಟದಿರುವುದೇ ಒಳ್ಳೆಯದು. ತೇವದ ಗಾಳಿಯಲ್ಲಿ ಪ್ರೈಮರ್ ಹಿಟ್ಟು ಉದುರಿಸಿದಂತೆ ಒರಟಾಗುತ್ತದೆ, ಮ್ಯಾಟ್ ವಾರ್ನಿಶ್ ಬೆಳ್ಳಗೆ ಬೂಷ್ಟು ಹಿಡಿದಂತಾಗಿ ವಾರಗಳ ಕೆಲಸ ಹಾಳಾಗುತ್ತದೆ. ವ್ಯಾಲೆಹೋದಂಥ ನೀರಿನ ಆಧಾರದ ಪ್ರೈಮರನ್ನು ಏರ್‌ಬ್ರಷ್‌ನಲ್ಲೋ ಕೈಬ್ರಷ್‌ನಲ್ಲೋ ತೆಳುವಾಗಿ ಎರಡು ಸಲ ಹಚ್ಚಿ. ಮುಟ್ಟಿ ನೋಡಿದರೆ ಗಂಟೆಯಲ್ಲಿ ಒಣಗಿದಂತೆ ಅನ್ನಿಸಿದರೂ 24 ಗಂಟೆ ಬಿಡಬೇಕು, ಇಲ್ಲವಾದರೆ ಕತ್ತಿ ತಗುಲಿದಲ್ಲಿ ಸಿಪ್ಪೆಯಂತೆ ಏಳುತ್ತದೆ. ಅದಕ್ಕೂ ಮೊದಲು ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಕೈಯ ಎಣ್ಣೆ ಹೋಗುತ್ತದೆ.

ಬಣ್ಣದ ಆಯ್ಕೆಯಲ್ಲಿ ಕವಚದ ನುಣುಪು ವರವೂ ಹೌದು, ಪರೀಕ್ಷೆಯೂ ಹೌದು. ಹೆಚ್ಚಿನ ಬಣ್ಣ ಒರೆಸಿದ ಒಣ ಬ್ರಷ್ ಉಜ್ಜಿ ಮುಗಿಸುವ ವಿಧಾನ ಇಲ್ಲಿ ನಡೆಯುವುದಿಲ್ಲ. ಹಿಡಿಯಲು ಉಬ್ಬುತಗ್ಗುಗಳಿಲ್ಲದ ಕಾರಣ ಧೂಳು ಮೆತ್ತಿದಂತೆ ಕಾಣುತ್ತದೆ. ಇಡೀ ಮೈಗೆ ವಾಶ್ (ತಗ್ಗುಗಳಿಗೆ ಇಳಿಯುವ ನೀರಾದ ಬಣ್ಣ) ಸುರಿದರೂ ತೊಡೆಯ ಮೇಲೆ ಕಾಫಿ ಲೋಟದ ಕಲೆಯಂತೆ ಉಂಗುರಗಳು ನಿಲ್ಲುತ್ತವೆ. ನುಲ್ನ್ ಆಯಿಲ್‌ನಂಥ ಕಪ್ಪು ವಾಶನ್ನು ಸಣ್ಣ ಬ್ರಷ್‌ನಲ್ಲಿ ಕೀಲುಗಳಿಗೆ, ಒಳಪದರದ ಗೆರೆಗಳಿಗೆ, ಪ್ಯಾಡಿನ ಅಂಚುಪಟ್ಟಿಯ ಬುಡಕ್ಕೆ ಮಾತ್ರ ಬಿಡಬೇಕು. ಆಮೇಲೆ ತಿಳಿಬಣ್ಣವನ್ನು ಬ್ರಷ್ಷಿನ ತುದಿಯಿಂದಲ್ಲ, ಮಗ್ಗುಲಿನಿಂದ, ಅಂಚಿಗೆ 45 ಡಿಗ್ರಿ ಓರೆಯಾಗಿ ಎಳೆದರೆ ತೆಳುಗೆರೆ ಸಲೀಸಾಗಿ ಬರುತ್ತದೆ.

ರೇವನ್ ಗಾರ್ಡ್ ಎಂಬ ದಳದ ಕಪ್ಪು ಈ ಕವಚಕ್ಕೆ ಹೇಳಿ ಮಾಡಿಸಿದ್ದು. ಆಟದ ಕಥೆಯಲ್ಲೂ 'ಕಾರ್ವಸ್' ಎಂಬ ಮಾರ್ಕ್ 6ರ ಹೆಸರಿಗೂ ಆ ದಳಕ್ಕೂ ನಂಟಿದೆ. ಅಪ್ಪಟ ಕಪ್ಪಿನ ಬದಲು ನೀಲಿ ಬೆರೆತ ಕಡುಬೂದಿಯಿಂದ ಶುರುಮಾಡಿ, ತಗ್ಗುಗಳಿಗೆ ಕಪ್ಪು, ಅಂಚುಗಳಿಗೆ ತಿಳಿಬೂದಿ ಕೊಟ್ಟರೆ ಆಕಾರ ಉಳಿಯುತ್ತದೆ. ಇಂಪೀರಿಯಲ್ ಫಿಸ್ಟ್ಸ್ ಎಂಬ ಇನ್ನೊಂದು ದಳದ ಹಳದಿ ಮೊದಲ ಸಲದವರಿಗೆ ಬೇಡ. ಹಳದಿ ಬಣ್ಣ ಮುಚ್ಚುವ ಶಕ್ತಿ ಕಡಿಮೆಯಿರುವಂಥದ್ದು, ನುಣುಪು ಕವಚದಲ್ಲಿ ಪ್ರತಿ ಬ್ರಷ್ ಗುರುತೂ ಕಾಣುತ್ತದೆ. ಹಚ್ಚಲೇಬೇಕೆಂದರೆ ಕೆಳಗೆ ಗುಲಾಬಿ ಅಥವಾ ಮಣ್ಣುಹಳದಿಯ ಪದರ ಕೊಟ್ಟು ಮೇಲೆ ಏರ್‌ಬ್ರಷ್ ಮಾಡಿ.

ಟ್ರಾನ್ಸ್‌ಫರ್ (ತೆಳು ಹಾಳೆಯ ಮೇಲಿನ ಲಾಂಛನದ ಚಿತ್ರ) ಅಂಟಿಸುವಾಗ ಎಡವುವವರೇ ಹೆಚ್ಚು. ಚಪ್ಪಟೆ ಹಾಳೆ ಗುಂಡನೆಯ ಪ್ಯಾಡಿನ ಮೇಲೆ ಸುಕ್ಕಾಗದೆ ಕೂರುವುದು ಅಸಾಧ್ಯ. ಇದು ರೇಖಾಗಣಿತದ ಮಾತು, ಕೈಯ ದೋಷವಲ್ಲ. ಮೊದಲು ಪ್ಯಾಡಿಗೆ ಗ್ಲಾಸ್ (ಹೊಳಪಿನ) ವಾರ್ನಿಶ್ ಹಚ್ಚಿ ಒಣಗಿಸಿ. ಮ್ಯಾಟ್ ಮೇಲ್ಮೈಯ ಮೇಲೆ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಟ್ರಾನ್ಸ್‌ಫರಿನ ಖಾಲಿ ಅಂಚಿನಲ್ಲಿ ಎರಡು ಮೂರು ಕಡೆ ಸಣ್ಣ ಸೀಳು ಹಾಕಿ, ಮೈಕ್ರೋ ಸೆಟ್ ಎಂಬ ದ್ರವದ ಮೇಲೆ ಕೂರಿಸಿ, ಆಮೇಲೆ ಟ್ರಾನ್ಸ್‌ಫರನ್ನು ಮೆತ್ತಗಾಗಿಸುವ ಮೈಕ್ರೋ ಸೋಲ್ ಹಚ್ಚಿ. ಅದು ಬಿದ್ದ ಕೂಡಲೇ ಟ್ರಾನ್ಸ್‌ಫರ್ ಸುರುಟಿಕೊಂಡಂತೆ ಕಂಡು ಗಾಬರಿಯಾಗುತ್ತದೆ. ಮುಟ್ಟಬೇಡಿ, ಒಣಗುತ್ತಾ ತಾನೇ ಮಟ್ಟವಾಗುತ್ತದೆ. ಎರಡು ಮೂರು ಸಲ ಬೇಕಾಗಬಹುದು. ಉಬ್ಬುಮೊಳೆಗಳಿರುವ ಪ್ಯಾಡಿಗೆ ಟ್ರಾನ್ಸ್‌ಫರ್ ಹಿಡಿಯುವುದಿಲ್ಲ, ಲಾಂಛನ ಬರಬೇಕಾದ ಕಡೆ ನುಣುಪಾದ ಪ್ಯಾಡನ್ನೇ ಆರಿಸಿ.

ಕಿಟ್ಟಿನಲ್ಲಿ ಇಲ್ಲದ್ದು ಏನು? ಫ್ಲೇಮರ್, ಮೆಲ್ಟಾದಂಥ ವಿಶೇಷ ಬಂದೂಕುಗಳು, ದೊಡ್ಡ ತೋಪುಗಳು ಇಲ್ಲ. ಹೋರಸ್ ಹೆರೆಸಿಯ ನಿಯಮದಲ್ಲಿ ಟ್ಯಾಕ್ಟಿಕಲ್ ಪಡೆಯ ಎಲ್ಲರೂ ಬೋಲ್ಟರ್ ಹಿಡಿಯುವವರೇ, ಆದ್ದರಿಂದ ಆ ಆಟಕ್ಕೆ ಇದು ಸರಿ. ವಾರ್‌ಹ್ಯಾಮರ್ 40,000ದಲ್ಲಿ ಟ್ಯಾಕ್ಟಿಕಲ್ ಸ್ಕ್ವಾಡ್ ಆಗಿ ಬಳಸುವವರು ಮಾತ್ರ ಆಯುಧಗಳ ಪೆಟ್ಟಿಗೆಯನ್ನು ಬೇರೆಯಾಗಿ ಕೊಳ್ಳಬೇಕು, ಖರ್ಚು ಏರುವುದು ಅಲ್ಲೇ. ಭಂಗಿಗಳೂ ಮರುಕಳಿಸುತ್ತವೆ. 20 ಜನರಲ್ಲಿ ಅದು ಕವಾಯತಿನ ಶಿಸ್ತಿನಂತೆ ಚೆಂದ, 40 ದಾಟಿದ ಮೇಲೆ ಕಣ್ಣಿಗೆ ಹೊಡೆಯುತ್ತದೆ. ತಲೆ ತಿರುಗಿಸುವುದು, ಚೀಲ, ಕತ್ತಿ, ಗ್ರೆನೇಡುಗಳನ್ನು ಬೇರೆಬೇರೆ ಜಾಗಕ್ಕೆ ಅಂಟಿಸುವುದು, ಬೇಸಿನ (ಸೈನಿಕ ನಿಲ್ಲುವ ದುಂಡನೆಯ ಪೀಠ) ಮೇಲೆ ಒಂದು ಕಾಲಿನಡಿ ಕಾರ್ಕಿನ ತುಂಡಿಟ್ಟು ಮೈಯನ್ನು ತುಸು ವಾಲಿಸುವುದು, ಇಷ್ಟರಲ್ಲೇ ವೈವಿಧ್ಯ ಹುಟ್ಟಿಸಬೇಕು. 2015ರ ಬಿಟ್ರೇಯಲ್ ಅಟ್ ಕ್ಯಾಲ್ತ್ ಪೆಟ್ಟಿಗೆಯ ಮಾರ್ಕ್ 4 ಮರೀನರನ್ನು ಈಗಾಗಲೇ ಇಟ್ಟುಕೊಂಡವರು ಅವರನ್ನು ಒಂದೇ ಪಡೆಯಲ್ಲಿ ಬೆರೆಸಬೇಡಿ, ಎತ್ತರದ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಬೇರೆಬೇರೆ ಪಡೆಗಳಾಗಿ ದೂರ ನಿಲ್ಲಿಸಿದರೆ ನಡೆಯುತ್ತದೆ.

ಬೆಲೆಯ ವಿಚಾರಕ್ಕೆ ಬಂದರೆ, ಹೊರದೇಶದಿಂದ ತರಿಸುವವರು ಪೆಟ್ಟಿಗೆಯ ಬೆಲೆಯಷ್ಟನ್ನೇ ನೋಡಿ ಲೆಕ್ಕ ಹಾಕಬಾರದು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿತ್ತು. ಮೇಲೆ ತೆರಿಗೆ, ಕೊರಿಯರಿನ ಶುಲ್ಕ. ತರಿಸುವ ದಿನದ ದರವನ್ನು ನೋಡಿಯೇ ತೀರ್ಮಾನಿಸಿ. ದೇಶದೊಳಗಿನ ಅಂಗಡಿಯ ಬೆಲೆ ಮೊದಲ ನೋಟಕ್ಕೆ ದುಬಾರಿ ಕಂಡರೂ ಕೊನೆಯ ಲೆಕ್ಕದಲ್ಲಿ ಅದೇ ಅಗ್ಗವಾಗುವುದುಂಟು.

ಬೇಸು 32 ಮಿ.ಮೀ. ಅದರ ಮೇಲೆ ಹಾಕಲು ದುಬಾರಿ ಪೇಸ್ಟ್ ಬೇಕಿಲ್ಲ. ಚಹಾ ಸೋಸುವ ಜರಡಿಯಲ್ಲಿ ಸೋಸಿದ ಎಂ-ಸ್ಯಾಂಡ್ ಮತ್ತು ನೀರು ಬೆರೆಸಿದ ಫೆವಿಕಾಲ್ ಸಾಕು. ಒಣಗಿದ ಮೇಲೆ ಇನ್ನೊಮ್ಮೆ ತೆಳು ಫೆವಿಕಾಲ್ ನೀರು ಹನಿಸಿದರೆ ಮರಳು ಉದುರುವುದಿಲ್ಲ. ಬಳಸಿದ ಚಹಾಪುಡಿ, ಕಾಫಿಪುಡಿ ಹಾಕುವ ಅಭ್ಯಾಸವಿರುವವರು ಮಳೆಗಾಲದಲ್ಲಿ ಬೂಷ್ಟು ಬರುವುದನ್ನು ನೆನಪಿಡಿ. ಬೇಸಿನ ಅಡಿಯ ಟೊಳ್ಳಿನಲ್ಲಿ 5 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ನಿಯೋಡಿಮಿಯಂ ಅಯಸ್ಕಾಂತವನ್ನು ಸಣ್ಣ ಉಂಡೆ ಎಂ-ಸೀಲ್ ಮೇಲೆ ಒತ್ತಿ, ಬೇಸನ್ನು ಕೂಡಲೇ ಪ್ಲಾಸ್ಟಿಕ್ ಹಾಳೆ ಹಾಸಿದ ಸಮತಟ್ಟಾದ ಕಬ್ಬಿಣದ ತಟ್ಟೆಯ ಮೇಲೆ ನಿಲ್ಲಿಸಿ. ಎಂ-ಸೀಲ್ ಗಟ್ಟಿಯಾಗುವ ಹೊತ್ತಿಗೆ ಅಯಸ್ಕಾಂತ ತಾನಾಗಿ ನೆಲಮಟ್ಟಕ್ಕೆ ಬಂದಿರುತ್ತದೆ. ಸ್ಟೀಲ್ ಡಬ್ಬಿ ಬಳಸುವುದಾದರೆ ಕೊಳ್ಳುವ ಮುನ್ನ ಒಂದು ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಡುಗೆಮನೆಯ ಎಷ್ಟೋ ಸ್ಟೇನ್‌ಲೆಸ್ ಡಬ್ಬಿಗಳಿಗೆ ಅದು ಅಂಟುವುದೇ ಇಲ್ಲ, ಹಳೆಯ ತಗಡಿನ ಬಿಸ್ಕತ್ ಡಬ್ಬಿಗಳಿಗೆ ಚೆನ್ನಾಗಿ ಅಂಟುತ್ತದೆ.

ಇನ್ನು, ಇದೇ ಆಟಕ್ಕೆ 2023ರಲ್ಲಿ ಹೊಸ ಅಳತೆಯಲ್ಲಿ ಬಂದ ಮಾರ್ಕ್ 3 ಪೆಟ್ಟಿಗೆಯೋ ಇದೋ ಎಂದು ಕೇಳುವವರಿಗೆ: ಮಾರ್ಕ್ 3ರ ಕವಚ ಪಟ್ಟಿಪಟ್ಟಿಯಾಗಿ, ಅಂಚುಗಳು ಹೆಚ್ಚಾಗಿ, ನೋಡಲು ಭಾರವಾಗಿದೆ. ಆ ಅಂಚುಗಳು ವಾಶನ್ನೂ ಒಣ ಬ್ರಷ್ಷನ್ನೂ ಚೆನ್ನಾಗಿ ಹಿಡಿಯುತ್ತವೆ, ಮೋಲ್ಡ್ ಲೈನ್ ಉಳಿದರೂ ಅಷ್ಟು ಕಾಣುವುದಿಲ್ಲ. ಮೊದಲ ಪಡೆಯನ್ನು ಬೇಗ ಮುಗಿಸಿ ಮೇಜಿಗೆ ಇಳಿಸಬೇಕೆನ್ನುವವರು ಅದನ್ನೇ ಕೊಳ್ಳಲಿ. ಒಂದೊಂದು ಮೈಗೂ ಸಮಯ ಕೊಟ್ಟು, ನುಣುಪು ಕವಚದ ಮೇಲೆ ಬೆಳಕು ಹರಿಯುವುದನ್ನು ಬಣ್ಣದಲ್ಲಿ ತರಬೇಕೆನ್ನುವವರಿಗೆ ಮಾರ್ಕ್ 6.